ಎಡಗೈ ನಾಯಕ

ಹಳೆಯ ಕೌಬಾಯ್ ಸಿನಿಮಾಗಳ ಮೆಚ್ಚಿನ ದೃಶ್ಯಗಳನ್ನು ಮೆಲುಕು ಹಾಕಲು ಪ್ರತಿ ಭಾನುವಾರ ಹೋಟೆಲಿನಲ್ಲಿ ಸೇರುವ ಗುಂಪಿಗೆ ದುರುಗಪ್ಪ ಹೊಸಬ. ಅವನ ಮೇಲೆ ಕೊಟ್ರೇಶಪ್ಪನಿಗೆ ಅನುಮಾನ. ಒಂದು ಸಿನಿಮಾದ ಕೊನೆಯ ಕಾಳಗವನ್ನು ದುರುಗಪ್ಪ ಕಣ್ಣಿಗೆ ಕಟ್ಟುವಂತೆ ಹೇಳುತ್ತಿದ್ದ. ಆದರೆ ಅವನ ನಾಯಕ ಎಡಗೈಯಲ್ಲೇ ಪಿಸ್ತೂಲು ಸೆಳೆಯುತ್ತಿದ್ದ.

“ಆತ ಬಲಗೈಯವ. ನೀವು ಆ ಸಿನಿಮಾ ನೋಡೇ ಇಲ್ಲ ಬಿಡ್ರಿ,” ಎಂದ ಕೊಟ್ರೇಶಪ್ಪ.

“ಹನ್ನೊಂದು ಸಲ ನೋಡೀನ್ರಿ.”

“ಎಲ್ಲಿ?”

“ನಿಮ್ಮಪ್ಪಾರ ಟೆಂಟಿನಾಗ.”

ಅಪ್ಪ ನಡೆಸುತ್ತಿದ್ದ ಆ ಟೆಂಟ್ ಸಿನಿಮಾದಲ್ಲಿ ಕೊಟ್ರೇಶಪ್ಪ ಒಂದು ಆಟವನ್ನೂ ತಪ್ಪಿಸಿದವನಲ್ಲ. “ಅಲ್ಲಿ ನಿಮ್ಮನ್ನ ಒಮ್ಮೆನೂ ಕಂಡಿಲ್ಲಲ್ಲ?”

ದುರುಗಪ್ಪ ಚಹಾದ ಲೋಟ ಕೆಳಗಿಟ್ಟ.

“ಪರದೆ ಹಿಂದಿನಿಂದ ನೋಡಿದ್ರ ಎಡ-ಬಲ ಅದಲುಬದಲು ಕಾಣ್ತಾವ್ರಿ. ನಮ್ಮ ಕೇರಿಯವ್ರನ್ನ ನಿಮ್ಮಪ್ಪಾರು ಅಲ್ಲೇ ಕುಂದ್ರಸ್ತಿದ್ರು.”