ಮೊದಲೇ ಮಂಜೂರಾದ ಹೆಸರು

ಕಾಗದವನ್ನು ಎರಡನೇ ಸಲ ಓದಿದ ವೆಂಡೆಲ್ ನಗತೊಡಗಿದ. ಒಲೆಯ ಮುಂದೆ ಮಾರ್ಲಾ ಪ್ಯಾನ್‌ಕೇಕ್ ಮಗುಚಿಹಾಕುತ್ತಿದ್ದಳು.

"ಕಾರ್ಡು ಕೊಡಲ್ವಂತೆ ಕಣೇ. ಯಾಕೆ ಗೊತ್ತಾ? ನೀನು ಸತ್ತುಹೋಗಿದ್ದೀಯಂತೆ."

ಅವಳ ಕೈ ನಿಂತಿತು. "ಯಾವ ಕಾರ್ಡು?"

ವೆಂಡೆಲ್‌ನ ನಗು ಅರ್ಧಕ್ಕೇ ಉಳಿಯಿತು. ಎರಡು ವಾರದ ಹಿಂದೆ ಅವಳ ಹೆಸರಿಗೊಂದು ಬ್ಯಾಂಕಿನ ಲಕೋಟೆ ಬಂದಿತ್ತು. 'ನಿಮ್ಮ ಕ್ರೆಡಿಟ್ ಕಾರ್ಡ್ ಈಗಾಗಲೇ ಮಂಜೂರಾಗಿದೆ' ಎಂದು ಮೇಲೆಯೇ ದಪ್ಪ ಕೆಂಪಕ್ಷರ. ಜೊತೆಗೆ ಇಬ್ಬರಿಗೆ ಉಚಿತ ವಿಮಾನ ಟಿಕೆಟ್. ಮದುವೆಯ ಇಪ್ಪತ್ತನೇ ವರ್ಷಕ್ಕೆ ಹೆಂಡತಿಗೆ ಫ್ಲಾರಿಡಾದ ಕಡಲು ತೋರಿಸುವ ಆಸೆ ಅವನದು. ಅವಳ ಸಹಿಯನ್ನು ತಾನೇ ಗೀಚಿ ಕಳಿಸಿಬಿಟ್ಟಿದ್ದ. ಇಂಥ ಲಕೋಟೆಗಳನ್ನು ಅವಳು ಒಡೆಯದೆಯೇ ಹರಿದು ಚೂರು ಮಾಡುವವಳು. ಆ ದಿನ ಮಾತ್ರ ಅಂಚೆ ಪೆಟ್ಟಿಗೆಯ ಹತ್ತಿರ ಅವನು ಮೊದಲು ಹೋಗಿದ್ದ.

"ಮಂಜೂರಾಗಿದೆ ಅಂತ ಅವರೇ ಬರ್ದಿದ್ರು."

"ಹಿಂದ್ಗಡೆ ಸಣ್ಣಕ್ಷರ ಓದಿದ್ಯಾ?"

"ಅದನ್ನ ಓದೋಕೆ ಭೂತಗನ್ನಡಿ ಬೇಕು."

ಅವಳು ನಗಲಿಲ್ಲ. ಮನೆ, ಟ್ರಕ್ಕು ಎರಡೂ ವೆಂಡೆಲ್‌ನ ಹೆಸರಿನಲ್ಲಿದ್ದವು. ಶಾಲೆಯ ಅಡುಗೆಮನೆಯಲ್ಲಿ ದುಡಿಯುವ ಮಾರ್ಲಾ ಈವರೆಗೆ ಎಲ್ಲಿಯೂ ಸಾಲದ ಅರ್ಜಿ ಹಾಕಿದವಳಲ್ಲ. ಈರೀ ಪಟ್ಟಣದಲ್ಲಿ ಇಂಥ ಹೆಂಡತಿ ಇನ್ನೊಬ್ಬಳಿಲ್ಲವೆಂದು ಅವನು ಎಲ್ಲರೆದುರು ಹೇಳಿಕೊಳ್ಳುತ್ತಿದ್ದ.

ಮರುದಿನ ವೆಂಡೆಲ್ ಜನರ ಸಾಲದ ದಾಖಲೆ, ಅಂದರೆ ಕ್ರೆಡಿಟ್ ವರದಿ, ಇಡುವ ಕಂಪನಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದ.

"ನನ್ನ ಹೆಂಡ್ತಿ ಎದುರಿಗೇ ಕೂತು ಕಾಫಿ ಕುಡೀತಿದ್ದಾಳಮ್ಮ. ನೀವು ಸತ್ತಿದ್ದಾಳೆ ಅಂತೀರಿ."

"ನಮ್ಮಲ್ಲಿ ಮರಣ ಪ್ರಮಾಣಪತ್ರ ಇದೆ ಸರ್," ಎಂದಿತು ಹುಡುಗಿಯ ದನಿ.

"ಹಂಗಾದ್ರೆ ಮಂಜೂರಾಗಿದೆ ಅಂತ ಯಾಕೆ ಕಳ್ಸಿದ್ರು?"

"ಬ್ಯಾಂಕಿನೋರು ಯಾವ್ದೋ ಹಳೇ ಪಟ್ಟಿ ಕೊಂಡ್ಕೊಂಡು ಎಲ್ಲರಿಗೂ ಕಳಿಸ್ತಾರೆ ಸರ್. ವರದಿ ತೆಗೆದು ನೋಡೋದು ಅರ್ಜಿ ಬಂದ್ಮೇಲೇ."

ಮಾರ್ಲಾ ಮುಂದಕ್ಕೆ ಬಾಗಿದಳು. "ಯಾವ ದಿನ ಸತ್ತಿದ್ದು ಅಂತಿದೆ?"

"ಸಾವಿರದ ಒಂಬೈನೂರ ತೊಂಬತ್ತೆಂಟು, ನವೆಂಬರ್ ಹನ್ನೊಂದು ಮೇಡಂ. ಈ ಏಪ್ರಿಲ್‌ನಲ್ಲಿ ಮನೆಯವರೇ ದಾಖಲೆ ಕೊಟ್ಟಿದ್ದಾರೆ. ವರದಿಯ ಪ್ರತೀನೂ ಹೋದ ವಾರ ತರಿಸ್ಕೊಂಡಿದ್ದಾರೆ."

"ಅದ್ರಲ್ಲಿ ಈ ಮನೆ ವಿಳಾಸ ಇದ್ಯಾ?"

"ಇದೆ ಮೇಡಂ. ಅರ್ಜೀಲಿ ಬರ್ದಿದ್ರಲ್ಲ."

ಅವಳ ಮುಖದ ಬಣ್ಣ ಇಳಿದದ್ದನ್ನು ವೆಂಡೆಲ್ ಕಂಡ. ಫೋನಿಟ್ಟು ಹೇಳಿದ: "ಯಾರೋ ನಿನ್ನ ಹೆಸರು ಕದ್ದು ಆಟ ಆಡ್ತಿದ್ದಾರೆ. ಪೊಲೀಸಿಗೆ ಹೋಗೋಣ."

"ಬೇಡ."

"ಮನೆಯವರಂತೆ. ನಿಂಗ್ಯಾರೂ ಇಲ್ಲ ಅಂತ ನೀನೇ ಹೇಳಿದ್ದೆ."

"ಇಲ್ಲ. ನಂಗ್ಯಾರೂ ಇಲ್ಲ."

ಬದುಕಿದ್ದೇನೆಂದು ತೋರಿಸಲು ಜನನ ಪ್ರಮಾಣಪತ್ರ ಬೇಕಿತ್ತು. ಎಲ್ಲಿಟ್ಟಿದ್ದೇನೋ ನೆನಪಿಲ್ಲ ಎಂದಳು. ಗುರುವಾರ ದೂರದ ಓಕ್ಲಹೋಮಾ ರಾಜ್ಯದ ನಂಬರಿನ ಬೂದುಬಣ್ಣದ ಕಾರೊಂದು ಮನೆಯ ಮುಂದೆ ನಿಧಾನವಾಗಿ ಸಾಗಿಹೋಯಿತು. ಶುಕ್ರವಾರ ಮತ್ತೆ ಬಂತು. ಅವಳು ಪರದೆ ಎಳೆದಳು. ವೆಂಡೆಲ್ ಬಾಗಿಲಿಗೆ ಹೊಸ ಬೀಗ ತರಲು ಶನಿವಾರ ಬೆಳಿಗ್ಗೆ ಪೇಟೆಗೆ ಹೊರಟ.

ಅವನ ಟ್ರಕ್ಕು ಮರೆಯಾದೊಡನೆ ಅವಳು ಚೀಲಕ್ಕೆ ಎರಡು ಜೊತೆ ಬಟ್ಟೆ ತುರುಕಿದಳು. ಅಷ್ಟರಲ್ಲಿ ಹೊರಗೆ ಕಾರು ನಿಂತ ಸದ್ದಾಯಿತು. ಹಿತ್ತಿಲ ಬಾಗಿಲು ಹತ್ತೇ ಹೆಜ್ಜೆಯಲ್ಲಿತ್ತು. ಅವಳು ಆ ಬಾಗಿಲನ್ನೂ ಗೋಡೆಯ ಮೇಲಿನ ಮದುವೆಯ ಫೋಟೋವನ್ನೂ ನೋಡಿದಳು. ಆಮೇಲೆ ಚೀಲವನ್ನು ನೆಲಕ್ಕಿಟ್ಟು ಮುಂಬಾಗಿಲು ತೆರೆದಳು.

ಮೆಟ್ಟಿಲ ಮೇಲೆ ಕೋಲೂರಿ ನಿಂತಿದ್ದವನಿಗೆ ಎಪ್ಪತ್ತು ದಾಟಿತ್ತು. ಅವಳ ಮುಖವನ್ನು ಬಹಳ ಹೊತ್ತು ನೋಡಿದ.

"ನಾನು ಡ್ವೇನ್ ಹೆಂಕಲ್. ನಾನು ಬರ್ತೀನಿ ಅಂತ ಗೊತ್ತಿತ್ತಲ್ವಾ?"

"ಗೊತ್ತಿತ್ತು."

ಅವನು ಜಗಲಿಯ ಕುರ್ಚಿಯಲ್ಲಿ ಕುಸಿದು ಕೂತ. "ನನ್ನ ತಂಗಿ ಇನ್ನೊಬ್ಬ ಹುಡುಗಿ ಜೊತೆ ನಮ್ಮ ಓಕ್ಲಹೋಮಾದ ಒಂದು ಮೋಟೆಲಲ್ಲಿ ಬಟ್ಟೆ ಒಗೆಯೋ ಕೆಲ್ಸಕ್ಕಿದ್ಲು. ಇಬ್ಬರದೂ ಒಂದೇ ರೂಮು. ಬೆಂಕಿ ಬಿದ್ದ ದಿನ ಒಂದೇ ಹೆಣ ಸಿಕ್ತು, ಗುರುತು ಹಿಡಿಯೋ ಹಾಗಿರ್ಲಿಲ್ಲ. ಸತ್ತಿದ್ದು ಆ ಇನ್ನೊಬ್ಬಳು ಅಂತ ಮಾರ್ಲಾ ಹೆಂಕಲ್ ಸಹಿ ಮಾಡಿ ಹೋದ್ಲು ಅಂದ್ರು ಪೊಲೀಸ್ನೋರು. ಇನ್ನೊಬ್ಬಳ ಗಂಡ ಅವಳನ್ನ ಸಾಯಿಸ್ತೀನಿ ಅಂತ ಬಂದೂಕು ಹಿಡ್ಕೊಂಡು ಅಲೀತಿದ್ನಂತೆ. ಸುದ್ದಿ ಕೇಳಿ ಸುಮ್ನಾದ."

"ಹೌದು," ಎಂದಳು ಅವಳು. "ಸುಮ್ನಾದ."

"ತಂಗಿ ಬದುಕಿದ್ದಾಳಲ್ಲ, ಒಂದಿನ ಫೋನ್ ಮಾಡ್ತಾಳೆ ಅಂತ ಇಪ್ಪತ್ತೈದು ವರ್ಷ ಕಾದೆ. ಅಮ್ಮ ಕಾದೂ ಕಾದೂ ಸತ್ತೋದ್ಲು. ನೀನಾದ್ರೂ ಒಂದೇ ಒಂದು ಫೋನು ಮಾಡ್ಬಾರ್ದಿತ್ತಾ?"

ಅವಳು ಅವನೆದುರು ಜಗಲಿಯ ಅಂಚಿನಲ್ಲಿ ಕೂತಳು.

"ಹೋದ ಚಳಿಗಾಲದಲ್ಲಿ ಆ ಇನ್ನೊಬ್ಬಳ ಹೆಸರಿನ ಗೋರಿ ಅಗೆಸಿ ಮೂಳೆ ಪರೀಕ್ಷೆ ಮಾಡಿಸಿದೆ," ಎಂದ ಡ್ವೇನ್.

ವೆಂಡೆಲ್‌ನ ಟ್ರಕ್ಕು ಬಂದು ನಿಂತಿತು. ಹೊಸ ಬೀಗ ಹಿಡಿದು ಇಳಿದವನು ಅಪರಿಚಿತನನ್ನು ಕಂಡು ದಡದಡನೆ ಮೆಟ್ಟಿಲು ಹತ್ತಿದ. "ಮಾರ್ಲಾ, ಯಾರಿವರು?"

"ಮಾರ್ಲಾಳ ಅಣ್ಣ," ಎಂದಳು ಅವಳು. "ಆ ಗೋರೀಲಿ ಇರೋಳು ಮಾರ್ಲಾ, ವೆಂಡೆಲ್. ಕಲ್ಲಿನ ಮೇಲಿರೋ ಹೆಸರು ನಂದು."