ಗುಂಡಿ ಹಾಕುವಾಗ

ಕೆಂಪು ಚಡ್ಡಿಯ ಹುಡುಗಿಯ ಕುತ್ತಿಗೆ ಎದುರಾಳಿಯ ತೋಳಿನೊಳಗೆ ಸಿಕ್ಕಿಕೊಂಡಾಗ ಟೈಲರಮ್ಮನ ಸೂಜಿ ಅರ್ಧಕ್ಕೇ ನಿಂತಿತು. ಟಿವಿಯಲ್ಲಿ ಕುಸ್ತಿಯೂ ಗುದ್ದಾಟವೂ ಬೆರೆತ ಈ ಪಂದ್ಯ ಬಂದಾಗಲೆಲ್ಲ ಮೂಗು ಮುರಿಯುತ್ತಿದ್ದವಳು ಅವಳು. "ಇದೂ ಒಂದು ಆಟಾನಾ? ಈ ಸುತ್ತು ಮುಗಿದ ಕೂಡ್ಲೇ ಟಿವಿ ಆರಿಸ್ಬೇಕು," ಎಂದು ಗಂಡನಿಂದ ಮಾತು ತೆಗೆದುಕೊಂಡೇ ಅವನ ಅಂಗಿಗೆ ಗುಂಡಿ ಹಾಕಲು ಕೂತಿದ್ದಳು.

"ಈಗ ನೆಲ ತಟ್ತಾಳೆ ನೋಡು. ತಟ್ಟಿದ್ರೆ ಸೋತ ಹಾಗೆ," ಎಂದ ಗಂಡ.

"ಬಾಯ್ಮುಚ್ಕೊಂಡಿರಿ. ಅವಳ್ಯಾಕೆ ತಟ್ತಾಳೆ?" ಕಣ್ಣನ್ನು ಪರದೆಯಲ್ಲೇ ನೆಟ್ಟು ಅವಳು ಸೂಜಿಯನ್ನು ಸರಸರ ಚುಚ್ಚಿ ಎಳೆದಳು. ಹುಡುಗಿಯ ಮುಖ ಕಪ್ಪಿಟ್ಟಿತು. ಅಂಗೈ ಬಿಚ್ಚಿಕೊಂಡು ನೆಲದ ಹತ್ತಿರ ನಡುಗಿತು. "ಗದ್ದ ಒಳಗೆ ತಗೊಳ್ಳೇ! ತಗೊಳ್ಳೇ, ನನ್ನ ತಾಯಿ!" ಗದ್ದ ಒಳಸರಿಯಿತು, ತಲೆ ಜಾರಿ ಹೊರಬಂತು, ಸುತ್ತು ಮುಗಿದ ಗಂಟೆ ಹೊಡೆಯಿತು.

ಗಂಡ ಕೊಟ್ಟ ಮಾತಿನಂತೆ ರಿಮೋಟಿಗೆ ಕೈ ಚಾಚಿದ. ತಡೆಯಲು ಅವಳು ಛಂಗನೆ ಎದ್ದಳು. ಜೊತೆಗೆ ಅಂಗಿಯೂ ಎದ್ದಿತು. ಗುಂಡಿಯ ಸಮೇತ ಅದನ್ನು ತನ್ನ ಸೀರೆಗೇ ಹೊಲಿದುಕೊಂಡಿದ್ದಳು.

"ಇದೇನೇ ಇದು!" ಗಂಡ ಕತ್ತರಿಗೆ ತಡಕಾಡಿದ.

ಅವಳು ರಿಮೋಟನ್ನು ಕಿತ್ತುಕೊಂಡು, ಅಂಗಿ ಜೋತಾಡಿಸಿಕೊಂಡೇ ಅವನ ಪಕ್ಕ ಕೂತಳು. "ಆಮೇಲೆ ಬಿಚ್ಚೋಣ ಸುಮ್ನಿರಿ. ನಮ್ಮ ಹುಡುಗಿ ಎದ್ಲು."