ಸೋಲುವವರ ಕಡೆಯ ಕೂಗು

ದನಿ ಏಳದೆ ಹೋದರೆ ಏನು ಗತಿ? ಡಿಗ್ರಿ ಮುಗಿಸಿ ಮನೆಯಲ್ಲಿದ್ದ ನೀಲಾಂಬಿಕೆಗೆ ಬೆಳಗಿನಿಂದ ಇದೇ ಅಳುಕು. ಸಂಜೆಯ ಕಬಡ್ಡಿಯಲ್ಲಿ ಬೆಟಗೇರಿ ಸೋಲುತ್ತದೆಂದು ಎಂದಿನಂತೆ ಬೆಳಗಿನ ರೇಡಿಯೊ ಹೇಳಿತ್ತು. ರೇಡಿಯೊ ಮುಂಚಿತವಾಗಿ ಹೇಳುವ ಫಲಿತಾಂಶ ಎಂದೂ ತಪ್ಪುವುದಿಲ್ಲ. ಹಾಗಾಗಿ ಸೀಟಿ ಊದುವ ಮೊದಲು ಸೋಲುವವರ ಕಡೆಯಿಂದ ಒಬ್ಬರಾದರೂ "ಆಡ್ರಿ" ಎಂದು ಕೂಗಿದರೆ ಮಾತ್ರ ಆಟ. ಇಲ್ಲದಿದ್ದರೆ ಎಲ್ಲರೂ ಮನೆಗೆ.

ಬೆಟಗೇರಿಗಾಗಿ ಕೂಗುತ್ತಿದ್ದವಳು ಪಕ್ಕದ ಮನೆಯ ದ್ಯಾಮವ್ವಜ್ಜಿ. ಇಂದು ಅವಳ ಗಂಟಲು ಕಟ್ಟಿತ್ತು; ಕೂಗುವ ಸರದಿ ನೀಲಾಂಬಿಕೆಯದು.

ಸಂಜೆ ಮೈದಾನದ ಕಟ್ಟೆಯ ಮೇಲೆ ಬೆಟಗೇರಿಯ ಕಡೆಯವರು ಇವರಿಬ್ಬರೇ. ಎದುರು ಕಡೆಯವನೊಬ್ಬ ನಕ್ಕ: "ಸೋಲೋದನ್ನ ನೋಡಾಕ ಚಾ ಬಿಟ್ಟು ಬಂದೀರೇನಬೇ?"

ಕೆಳಗೆ ಬೆಟಗೇರಿಯ ಹುಡುಗಿಯರು ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡರು. ರೇಡಿಯೊ ಕೇಳಿಯೂ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಂಡು ಬಂದವರು ಅವರು. ಗೆಲ್ಲುವವರಿಗೂ ಇಲ್ಲದ ಗತ್ತಿನಲ್ಲಿ ಸೊಂಟ ಬಿಗಿದಿದ್ದರು. ನಾಯಕಿ ಶಮೀಮ ಕಟ್ಟೆಯತ್ತಲೇ ನೋಡುತ್ತಿದ್ದಳು. ರೆಫರಿ ಸೀಟಿಯನ್ನು ಬಾಯಿಗಿಟ್ಟ.

ಅಜ್ಜಿ ಮೊಣಕೈಯಿಂದ ತಿವಿದಳು. ನೀಲಾಂಬಿಕೆ ಎದ್ದು ನಿಂತಳು.

"ಆಡ್ರೇ! ಗೆಲುವು ಯಾರಿಗರ ಹೋಗಲಿ, ನನಗ ನಿಮ್ಮ ಆಟಾನ ಬೇಕು!"